ನಡುವಿನ ಎರಡು ಗುಡ್ಡ

ಮೇಜಿನ ಮೇಲಿದ್ದ ಚಿತ್ರವನ್ನು ಇಲೇನ್ ಸರಕ್ಕನೆ ಎತ್ತಿ, ಮುಖ ಒಳಗಾಗಿ ಎದೆಗೆ ಒತ್ತಿಕೊಂಡಳು.

"ಇದನ್ನ ಇಲ್ಲಿ ಯಾರಿಟ್ಟಿದ್ದು?"

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಲೋಟ ಜೋಡಿಸುತ್ತಿದ್ದ ಗರ್ಡಾ ಮುದುಕಿ ತಿರುಗಿ ನೋಡಿದಳು. "ನಾನೇ ಕಣಮ್ಮ. ಆರ್ವಿಡ್ ತೆಗೆದ ಫೋಟೋ ನಾಕು ಇಟ್ರೆ ಚೆನ್ನ ಅಂತ ನೀನೇ ಅಂದ್ಯಲ್ಲ. ನಿಮ್ಮನೆ ಬೀರು ಹಿಂದೆ ಸಿಕ್ತು. ಎಲ್ಲಕ್ಕಿಂತ ಇದೇ ಲಕ್ಷಣವಾಗಿತ್ತು."

"ಲಕ್ಷಣವಾಗಿದೆ ಅಂತ ಯಾರಾದ್ರೂ ಬೀರು ಹಿಂದೆ ತುರುಕ್ತಾರಾ? ಸರಿಯಾಗಿ ನೋಡಿ."

ಇಲೇನ್ ಚಿತ್ರವನ್ನು ತಿರುಗಿಸಿ ಹಿಡಿದಳು. ಗರ್ಡಾ ಕನ್ನಡಕ ಏರಿಸಿಕೊಂಡು ನೋಡಿದಳು. ಬೆಳಗಿನ ಓರೆ ಬಿಸಿಲಿನಲ್ಲಿ ಗೋಧಿಯ ಹಸಿರು ಗುಡ್ಡಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಮಲಗಿದ್ದವು. ನಡುವೆ ಒಂದು ಕೆಂಪು ಕೊಟ್ಟಿಗೆ. ಕೊಟ್ಟಿಗೆಯ ಗೋಡೆಗೆ ಒರಗಿದಂತೆ ಒಂದು ನೀಲಿ ಪಿಕಪ್. ಅದರ ಒಂದು ಬಾಗಿಲು ಮಾತ್ರ ಬಿಳಿ.

"ಅಯ್ಯೋ, ಅದೇನಾ ಇದು," ಎಂದು ಗರ್ಡಾ ದನಿ ತಗ್ಗಿಸಿದಳು. "ಡ್ವೇನ್ ಬೇರೆ ಬಂದಿದಾನೆ."

ಇಲೇನ್‌ಗೆ ಅದು ಗೊತ್ತಿತ್ತು. ಗಂಡ ಆರ್ವಿಡ್‌ನ ಶವಪೆಟ್ಟಿಗೆ ಮಣ್ಣಿಗಿಳಿಯುವಾಗ ಡ್ವೇನ್ ಕೊಪ್ಕೆ ಸ್ಮಶಾನದ ಗೇಟಿನಾಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದುದನ್ನು ಅವಳು ಪಾದ್ರಿಯ ಭುಜದ ಮೇಲಿಂದ ಕಂಡಿದ್ದಳು. ಒಳಗೂ ಬರಲಿಲ್ಲ, ಹೊರಟೂ ಹೋಗಲಿಲ್ಲ. ಆರ್ವಿಡ್ ಬದುಕಿದ್ದಾಗ ಎದುರಾದರೆ ಕಣ್ಣು ತಪ್ಪಿಸಿ ಹೋಗುತ್ತಿದ್ದವನು ಇವತ್ತು ಯಾವ ಋಣಕ್ಕೆ ಬಂದ?

ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದಾಯಿತು. ಅವಳು ಚಿತ್ರವನ್ನು ಮಡಚಿಟ್ಟ ಕುರ್ಚಿಗಳ ಹಿಂದೆ ಸರಿಸಿದಳು.

*

ಆರ್ವಿಡ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಶನಿವಾರ ಬೆಳಕು ಹರಿಯುವ ಮುಂಚೆ ಊರಾಚೆಯ ದೊಡ್ಡ ಗುಡ್ಡ ಹತ್ತುತ್ತಿದ್ದ. ಅಲ್ಲಿಂದ ನೋಡಿದರೆ ಪಲೂಸ್ ಸೀಮೆಯ ಗೋಧಿ ಹೊಲಗಳೆಲ್ಲ ಕಾಲಡಿಗೆ. ದೂರದೂರಿಂದ ಬಂದವರು ಅಗಲದ ಲೆನ್ಸ್ ಹಾಕಿ ಆಕಾಶ, ಹೊಲ, ದಾರಿ ಎಲ್ಲವನ್ನೂ ಒಂದೇ ಸಲ ಬಾಚಿಕೊಂಡು ಹೋಗುತ್ತಿದ್ದರು. ಇವನದು ಮೊಳದುದ್ದದ ಟೆಲಿಫೋಟೋ ಲೆನ್ಸ್. ಹಕ್ಕಿ ಹಿಡಿಯುವ ಲೆನ್ಸಲ್ಲಿ ಗುಡ್ಡ ಯಾಕೆ ಹಿಡೀತೀಯ ಎಂದು ನಗುವವರಿಗೆ ಅವನ ಉತ್ತರ ಒಂದೇ: "ಎಲ್ಲಾನೂ ಬಾಯಿಗೆ ತುಂಬ್ಕೊಂಡ್ರೆ ಯಾವುದರ ರುಚೀನೂ ಸಿಗಲ್ಲ ಮಾರಾಯ. ಬೇಡದ್ದನ್ನ ಬಿಡೋಕೆ ಉದ್ದದ್ದೇ ಬೇಕು."

ಕೃಷಿ ಮೇಳದಲ್ಲಿ ಆ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಸಂಜೆ ಡ್ವೇನನ ಹೆಂಡತಿ ಮಾರ್ಲಿಸ್ ಅದರ ಮುಂದೆ ನಿಂತಳು. ನಿಂತವಳು ಕದಲಲಿಲ್ಲ. ಬಿಳಿ ಬಾಗಿಲಿನ ನೀಲಿ ಪಿಕಪ್ ಆ ಸುತ್ತಿನಲ್ಲಿ ಇದ್ದದ್ದೇ ಒಂದು. ಕೊಟ್ಟಿಗೆ ಕೊಲೀನಳದು, ಗಂಡನಿಲ್ಲದ ಹೆಂಗಸು, ಒಂಟಿ ಮನೆ. ಹೊತ್ತು ಹುಟ್ಟುವ ಸಮಯ.

ಆರ್ವಿಡ್ ಸಿಕ್ಕವರಿಗೆಲ್ಲ ವಿವರಿಸಿದ. ಪಿಕಪ್ ಇದ್ದದ್ದು ಈಚೆ ದಿಣ್ಣೆಯ ರಸ್ತೆಯಲ್ಲಿ, ಕೊಟ್ಟಿಗೆ ಇರುವುದು ಎರಡು ಗುಡ್ಡದಾಚೆ. ಉದ್ದ ಲೆನ್ಸಿನ ಗುಣವೇ ಅದು, ನಡುವಿನ ದೂರವನ್ನು ಅಮುಕಿಬಿಡುತ್ತದೆ. ಜನ ತಲೆಯಾಡಿಸಿ, ಬೆನ್ನು ತಿರುಗಿಸಿ ನಕ್ಕರು. ಕಣ್ಣಿಗೆ ಕಂಡದ್ದು ಸುಳ್ಳು, ಇವನು ಹೇಳಿದ್ದು ನಿಜವಂತೆ!

ಕೊಯ್ಲಿಗೆ ಮುಂಚೆಯೇ ಮಾರ್ಲಿಸ್ ಸ್ಪೊಕೇನ್ ಪಟ್ಟಣದ ತಂಗಿಯ ಮನೆಗೆ ಹೊರಟುಹೋದಳು. ಊರು ಡ್ವೇನನನ್ನು ಒಂದು ಚಳಿಗಾಲದಲ್ಲಿ ಕ್ಷಮಿಸಿತು, ಆರ್ವಿಡ್‌ನನ್ನು ಕ್ಷಮಿಸಲಿಲ್ಲ. ಗುಡ್ಡದ ಮೇಲೆ ಅವನ ಕಾರು ಕಂಡರೆ ಹೆಂಗಸರು ಕಿಟಕಿಯ ಪರದೆ ಎಳೆದರು. ಕಂಡವರ ಮನೆಗೆ ಕಣ್ಣು ಹಾಕುವವನ ಬಸ್ಸಿಗೆ ಮಕ್ಕಳನ್ನು ಹತ್ತಿಸುವುದು ಹೇಗೆ ಎಂಬ ಮಾತು ಬಂದಾಗ, ಅವನು ಬಸ್ಸು ಬಿಟ್ಟು ಗೋಧಿ ಉಗ್ರಾಣದಲ್ಲಿ ತೂಕದ ಕೆಲಸಕ್ಕೆ ಸೇರಿದ.

ಇಲೇನ್ ಊರಿನವರೆದುರು ಗಂಡನ ಪರವಾಗಿ ಜಗಳ ಕಾದಳು. ಒಳಗೆ ಮಾತ್ರ ಒಂದು ಮುಳ್ಳು ಮುರಿದುಕೊಂಡಿತ್ತು. ಚಿತ್ರದಲ್ಲಿ ಒಂದು ವಿದ್ಯುತ್ ಕಂಬ ಇಣುಕಿದರೂ ಸಹಿಸದ ಮನುಷ್ಯ, ಒಂದು ಮೋಡ ಸರಿಯಲೆಂದು ಬೆಳಗೆಲ್ಲ ಕಾಯುವ ಮನುಷ್ಯ, ಆ ಪಿಕಪ್ಪನ್ನು ಯಾಕೆ ಒಳಗೆ ಬಿಟ್ಟುಕೊಂಡ? ಅದು ಯಾರದೆಂದು ಅವನಿಗೆ ಗೊತ್ತಿರಲಿಲ್ಲವೇ? ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂಬ ಭಯ.

*

"ಇಲೇನ್."

ಹ್ಯಾಮ್ ಸ್ಯಾಂಡ್‌ವಿಚ್ ತಟ್ಟೆಯ ಮುಂದೆ ನಿಂತವಳು ತಲೆಯೆತ್ತಿದಳು. ಮಾರ್ಲಿಸ್. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸುತ್ತ ಚಮಚಗಳ ಸದ್ದು ನಿಂತಿತು.

"ಮಣ್ಣಿಗೆ ಸಿಗಲಿಲ್ಲ ಕಣೆ. ದಾರೀಲಿ ಟೈರು ಕೈಕೊಡ್ತು."

"ಬಂದ್ಯಲ್ಲ. ಕೂತ್ಕೋ," ಎಂದಳು ಇಲೇನ್. ಇವಳು ಯಾಕೆ ಬಂದಳು ಎಂದು ಆಗಲೇ ಮನಸ್ಸು ಲೆಕ್ಕ ಹಾಕುತ್ತಿತ್ತು. ಮಾರ್ಲಿಸಳ ಕಣ್ಣು ಚಿತ್ರಗಳ ಮೇಜಿನ ಮೇಲೆ ಒಂದೊಂದನ್ನೇ ದಾಟುತ್ತಿತ್ತು.

"ಅದನ್ನ ಇಟ್ಟಿಲ್ಲ?"

"ಇಲ್ಲ."

"ಇಡಬೇಕಿತ್ತು. ನನಗೆ ಇನ್ನೊಂದು ಸಲ ನೋಡ್ಬೇಕು. ಅವನು ಅಷ್ಟು ಹೇಳಿದ, ನಾನು ನಂಬಲಿಲ್ಲ. ಸತ್ತ ಅಂತ ಕೇಳಿದಾಗಿಂದ ಅದೇ ಕೊರೀತಿದೆ. ಅಕಸ್ಮಾತ್ ಅವನು ಹೇಳಿದ್ದೇ ನಿಜ ಆಗಿದ್ರೆ?"

"ನಿಜವೇ," ಎಂದಿತು ಹಿಂದಿನಿಂದ ಒಂದು ಗಂಡು ದನಿ.

ಡ್ವೇನ್ ಮೆಟ್ಟಿಲ ಕೆಳಗೆ ನಿಂತಿದ್ದ. ಜನ ಸರಿದು ದಾರಿ ಬಿಟ್ಟರು. ಅವನು ಬಂದು ಎದುರಿನ ಕುರ್ಚಿಯಲ್ಲಿ ಕುಳಿತು ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡ.

"ಪಿಕಪ್ ರಸ್ತೇಲೇ ಇತ್ತು, ಮಾರ್ಲಿಸ್. ಆರ್ವಿಡ್ ಹೇಳಿದ ಜಾಗದಲ್ಲೇ."

ಮಾರ್ಲಿಸ್ ಮೇಜಿನ ಅಂಚು ಹಿಡಿದಳು. "ಹಾಗಾದ್ರೆ ನಾನು ಮನೆ ಬಿಟ್ಟಿದ್ದು ಒಂದು ಸುಳ್ಳಿಗಾ?"

ಡ್ವೇನ್ ಟೋಪಿಯನ್ನು ಮೊಣಕಾಲಿನಿಂದ ಕೈಗೆ ತೆಗೆದುಕೊಂಡ.

"ವಾಪಸ್ ಬರ್ತಿದ್ದೆ," ಎಂದ. "ಅಲ್ಲಿಂದ. ಕೊಲೀನ್ ಮನೆಯಿಂದ."

ಯಾರೋ ಕೆಮ್ಮಿದರು. ಗರ್ಡಾ ಕಾಫಿ ಪಾತ್ರೆಯ ನಲ್ಲಿ ಮುಚ್ಚುವುದನ್ನು ಮರೆತಳು. ಲೋಟ ತುಂಬಿ ಬಟ್ಟೆಯ ಮೇಲೆ ಹರಿಯಿತು.

"ಆರ್ವಿಡ್‌ಗೆ ಗೊತ್ತಿತ್ತಾ?" ಇಲೇನ್ ಕೇಳಿದಳು. ಅಷ್ಟು ವರ್ಷ ಮನೆಯೊಳಗೆ ಕೇಳದ್ದು ಊರ ಮುಂದೆ ಬಾಯಿಂದ ಬಂದಿತ್ತು.

"ಮೇಳಕ್ಕೆ ಮುಂಚೆ ನನ್ನ ಹತ್ರ ಬಂದಿದ್ದ. ಚಿತ್ರ ತೋರಿಸಿ, 'ಇದನ್ನ ಹಾಕಲಾ ಬೇಡ್ವಾ, ನೀನೇ ಹೇಳು' ಅಂದ. ಬೇಡ ಅಂದ್ರೆ ಒಪ್ಕೊಂಡ ಹಾಗೆ ಅಲ್ವಾ? ಹಾಕಪ್ಪ, ರಸ್ತೇಲಿ ಪಿಕಪ್ ಹೋದ್ರೆ ಏನೀಗ ಅಂದೆ." ಡ್ವೇನ್ ಟೋಪಿಯ ಅಂಚನ್ನು ಉಗುರಿನಿಂದ ಕೆರೆದ. "ಆಮೇಲೆ ಊರೆಲ್ಲ ಅವನ ಮೇಲೆ ಬಿತ್ತು. ಡ್ವೇನನ್ನೇ ಕೇಳಿದ್ದೆ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಅನ್ನಲಿಲ್ಲ. ನಾನೂ ಅನ್ನಲಿಲ್ಲ."

ಇಲೇನ್‌ಗೆ ಅಳು ಬರಲಿಲ್ಲ. ಸಿಟ್ಟು ಬಂತು. ಡ್ವೇನನ ಮೇಲಿಗಿಂತ ಮಣ್ಣಿನಡಿ ಮಲಗಿದವನ ಮೇಲೆ. ಅವನು ಅವತ್ತು ಕೇಳಲು ಹೋದದ್ದು ಒಪ್ಪಿಗೆಯನ್ನೋ, ಉತ್ತರವನ್ನೋ? ಡ್ವೇನನನ್ನು ಉಳಿಸಲು ನೋಡಿದನೋ, ಸಿಕ್ಕಿಸಲು ನೋಡಿದನೋ? ಕಂಬವನ್ನೂ ಸಹಿಸದವನು ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಪಕ್ಕದಲ್ಲೇ ಮಲಗಿ ನಿದ್ದೆ ಮಾಡಿದ್ದ. ಹೆಂಡತಿಗೂ ಹೇಳಬೇಕೆನಿಸಲಿಲ್ಲ.

ಮಾರ್ಲಿಸ್ ಎದ್ದಳು. "ನಾನು ಸಮಾಧಿ ಹತ್ರ ಹೋಗ್ತೀನಿ," ಎಂದಳು, ಯಾರನ್ನೂ ನೋಡದೆ. ಸ್ವಲ್ಪ ಹೊತ್ತಿನ ಮೇಲೆ ಡ್ವೇನನೂ ಎದ್ದ.

*

ಜೂನ್ ತಿಂಗಳ ಸಂಜೆಗೆ ಅವಸರವಿಲ್ಲ. ಕರಿಬಟ್ಟೆಯನ್ನೂ ಬಿಚ್ಚದೆ ಇಲೇನ್ ಗಂಡನ ಕ್ಯಾಮೆರಾ ಚೀಲವನ್ನು ಕಾರಿಗೆ ಹಾಕಿಕೊಂಡು ಗುಡ್ಡ ಹತ್ತಿದಳು. ತುದಿಯಲ್ಲಿ ಗಾಳಿ ಬಲವಾಗಿತ್ತು. ಟ್ರೈಪಾಡಿನ ಕಾಲು ಬಿಡಿಸಲು ಅವಳ ಬೆರಳುಗಳು ತಡವರಿಸಿದವು. ಮದುವೆಯಾದಾಗಿನಿಂದ ಅದನ್ನು ಹೊತ್ತದ್ದುಂಟು, ನಿಲ್ಲಿಸಿದ್ದಿಲ್ಲ. ಲೆನ್ಸು ಅಂದುಕೊಂಡದ್ದಕ್ಕಿಂತ ಭಾರ.

ಕಣ್ಣಿಟ್ಟಾಗ ಮೊದಲು ಬರೀ ಹಸಿರು ನಡುಗಿತು. ಮೆಲ್ಲಗೆ ತಿರುಗಿಸುತ್ತ ಹೋದಳು. ಉಗ್ರಾಣದ ಗೋಪುರ, ಚರ್ಚಿನ ಚೂಪು ಶಿಖರ, ಆಮೇಲೆ ಸ್ಮಶಾನದ ಬೇಲಿ. ಹೊಸ ಮಣ್ಣಿನ ಗುಪ್ಪೆಯ ಬಳಿ ಬಿಳಿ ಕೂದಲಿನ ಹೆಂಗಸು ತಲೆ ತಗ್ಗಿಸಿ ನಿಂತಿದ್ದಳು. ಅವಳ ಭುಜಕ್ಕೆ ಭುಜ ತಾಗಿಸಿದಂತೆ, ಟೋಪಿ ಕೈಯಲ್ಲಿ ಹಿಡಿದ ಗಂಡಸು.

ಲೆನ್ಸಿನಿಂದ ಕಣ್ಣು ತೆಗೆದರೆ ಅವರ ನಡುವೆ ಎಷ್ಟು ದೂರವಿದೆಯೆಂದು ಕಾಣುತ್ತಿತ್ತು. ಇಲೇನ್ ಕಣ್ಣು ತೆಗೆಯದೆ, ಹಾಗೆಯೇ ನೋಡುತ್ತ ನಿಂತಳು.