ಸೊಟ್ಟ ರೊಟ್ಟಿಗೆ ಬಂದ ಬೇಡಿಕೆ

ಕೊಟ್ರೇಶನ ಖಡಕ್ ರೊಟ್ಟಿ ಲಗ್ಗೆರೆಯ ಶೆಡ್ಡಿನಿಂದ ಹತ್ತಿರದ ಜಾಲಹಳ್ಳಿಯ ಅಂಗಡಿಗಳನ್ನು ಮುಟ್ಟಲು ನಾಲ್ಕು ವರ್ಷ ಹಿಡಿದಿತ್ತು. ಅದೇ ಶೆಡ್ಡಿನಿಂದ ಜರ್ಮನಿ ಮುಟ್ಟಲು ಹಿಡಿದದ್ದು ಎಂಬತ್ತು ದಿನ. ನಡುವೆ ಬಂದದ್ದು ಒಂದು ಯಂತ್ರ.

ಪೀಣ್ಯದಲ್ಲೇ ತಯಾರಾದ ಯಂತ್ರ ಅದು. ಒಂದು ಕಡೆ ಜೋಳದ ಹಿಟ್ಟು ಸುರಿದರೆ ಇನ್ನೊಂದು ಕಡೆ ಗಂಟೆಗೆ ಎಂಟುನೂರು ರೊಟ್ಟಿ ಬೆಂದು ಬೀಳುತ್ತಿದ್ದವು. ಮಾತಿಲ್ಲ, ಕತೆಯಿಲ್ಲ, ಹಬ್ಬಕ್ಕೆ ಊರಿಗೆ ಹೋಗುತ್ತೇನೆಂಬ ರಗಳೆಯಿಲ್ಲ. ಕೊಟ್ರೇಶ ರೊಟ್ಟಿಯ ಫೋಟೋಗಳನ್ನು ಆನ್‌ಲೈನಿನಲ್ಲಿ ಹಾಕಿದ. ನಲವತ್ತನೆಯ ದಿನಕ್ಕೆ ದುಬೈ, ಎಂಬತ್ತನೆಯ ದಿನಕ್ಕೆ ಜರ್ಮನಿ. ಅವನಿಗೇ ಇನ್ನೂ ಪಾಸ್‌ಪೋರ್ಟ್ ಇರಲಿಲ್ಲ.

ಅದಕ್ಕೂ ಮೊದಲು ಆ ಶೆಡ್ಡಿನಲ್ಲಿ ಏಳು ಹೆಂಗಸರು ಕೂತು ರೊಟ್ಟಿ ತಟ್ಟುತ್ತಿದ್ದರು. ಬಾಗಲಕೋಟೆ ಕಡೆಯ ಸಿದ್ದಕ್ಕ ಅವರಿಗೆ ಹಿರಿಯಳು. ಯಂತ್ರ ಬಂದ ವಾರ ಕೊಟ್ರೇಶ ಅವಳನ್ನು ಕರೆದು, "ಯಕ್ಕಾ, ಖರೇ ಹೇಳು, ಯಾರ್‍ಯಾರ ರೊಟ್ಟಿ ಸೊಟ್ಟ ಅದಾವ?" ಎಂದು ಕೇಳಿದ್ದ. ಸಿದ್ದಕ್ಕ ರೊಟ್ಟಿಯ ವಿಷಯದಲ್ಲಿ ಸುಳ್ಳು ಹೇಳುವವಳಲ್ಲ. ಹೇಳಿದಳು. ಹೇಳಿದ ಕ್ರಮದಲ್ಲೇ, ವಾರಕ್ಕೊಬ್ಬರಂತೆ, ಆರು ಮಂದಿ ಮನೆಗೆ ಹೋದರು. ಅವನು ಯಾಕೆ ಕೇಳಿದನೆಂದು ಅವಳಿಗೆ ಗೊತ್ತಾದದ್ದು ಮೊದಲನೆಯವಳು ಹೋದಮೇಲೆ. ಅಷ್ಟರಲ್ಲಿ ಪಟ್ಟಿ ಪೂರ್ತಿಯಾಗಿತ್ತು. ಉಳಿದವಳು ಸಿದ್ದಕ್ಕ ಒಬ್ಬಳೇ. ಅವಳಿಗೂ ಈಗ ರೊಟ್ಟಿಯನ್ನು ಪ್ಯಾಕೆಟ್ಟಿಗೆ ತುಂಬುವ ಕೆಲಸ.

ತೊಂದರೆ ಬಂದದ್ದು ಜರ್ಮನಿಯಿಂದ. ಅಲ್ಲಿನ ವ್ಯಾಪಾರಿ ಬರೆದಿದ್ದ: ರುಚಿಗೆ ಹೆಸರಿಡುವಂತಿಲ್ಲ, ಆದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಗಿರಾಕಿಗಳಿಗೆ ಕೈಯಿಂದ ತಟ್ಟಿದಂತೆ ಕಾಣುವ ರೊಟ್ಟಿ ಬೇಕು, ಒಂದರಂತೆ ಇನ್ನೊಂದು ಇರಕೂಡದು. ಶುಕ್ರವಾರದೊಳಗೆ ಮಾದರಿಯ ಫೋಟೋ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

"ಹಂಗಾದ್ರ ಆ ಆರು ಮಂದೀನ ತಿರುಗಿ ಕರೀರಿ," ಎಂದಳು ಸಿದ್ದಕ್ಕ.

"ಅವ್ರು ಗಂಟೆಗೆ ಎಂಟ್ನೂರು ತಟ್ತಾರೇನಕ್ಕ?" ಎಂದ ಕೊಟ್ರೇಶ. "ಮಷೀನಿಗೇ ಸೊಟ್ಟ ಮಾಡೋದು ಕಲಿಸೋಣು. ಈ ಆರ್ಡರ್ ಹೋತಂದ್ರ ಶೆಡ್ಡಿಗೆ ಬೀಗ. ನಿನ್ನ ಕೆಲಸಾನೂ ಅದರಾಗ ಬಂತು."

ಸಿದ್ದಕ್ಕ ಮತ್ತೆ ಪ್ಯಾಕೆಟ್ಟು ತುಂಬತೊಡಗಿದಳು. ಐವತ್ತೆರಡನೆಯ ವಯಸ್ಸಿನಲ್ಲಿ ಹೊಸ ಕೆಲಸವೆಂದರೆ ಕಟ್ಟಡದಲ್ಲಿ ಬುಟ್ಟಿ ಹೊರುವುದು. ನೆನೆದರೇ ಅವಳಿಗೆ ಮಂಡಿ ನೋಯುತ್ತಿತ್ತು.

ಬುಧವಾರ ಯಂತ್ರದ ಕಂಪನಿಯಿಂದ ವೇಣಿ ಎಂಬ ಇಂಜಿನಿಯರ್ ಹುಡುಗಿ ಲ್ಯಾಪ್‌ಟಾಪು, ಕ್ಯಾಮೆರಾ ಹಿಡಿದು ಬಂದಳು. ಕೈಯಿಂದ ತಟ್ಟಿದ ರೊಟ್ಟಿಯನ್ನು ಕ್ಯಾಮೆರಾ ಅಳೆದುಕೊಂಡರೆ ಸಾಕು, ಯಂತ್ರ ಅದರಂತೆಯೇ ಒತ್ತುತ್ತದೆ ಎಂದು ವಿವರಿಸಿದಳು. "ಅಕ್ಕ, ನೀವು ದಿನಾ ಹೆಂಗ್ ತಟ್ತೀರೋ ಹಂಗೇ ತಟ್ಬಿಡಿ. ಮಿಕ್ಕಿದ್ದು ನಾನ್ ನೋಡ್ಕೊತೀನಿ."

ಸಿದ್ದಕ್ಕ ಹತ್ತು ರೊಟ್ಟಿ ತಟ್ಟಿದಳು. ವೇಣಿ ಅಳೆದಳು, ಲ್ಯಾಪ್‌ಟಾಪು ನೋಡಿದಳು, ಕ್ಯಾಮೆರಾ ಒರೆಸಿ ಮತ್ತೊಮ್ಮೆ ಅಳೆದಳು.

"ಸಾರ್, ಇವು ಮಷೀನ್ ರೊಟ್ಟಿಗಿಂತ ರೌಂಡಾಗಿವೆ."

ಸಿದ್ದಕ್ಕನಿಗೆ ಹಿಗ್ಗು ತಡೆಯಲಾಗಲಿಲ್ಲ. ಕೊಟ್ರೇಶ ತಲೆಯ ಮೇಲೆ ಕೈ ಹೊತ್ತು ಕೂತ. "ಸ್ವಲ್ಪ ಕೆಡಿಸಿ ತಟ್ಟು ಯಕ್ಕಾ," ಎಂದು ಬೇಡಿಕೊಂಡ. ಅವಳು ಮನಸಾರೆ ಪ್ರಯತ್ನಪಟ್ಟಳು. ಬೇಕೆಂದೇ ಒಂದು ಕಡೆ ಒತ್ತಿದರೆ ಕೈ ತಾನಾಗಿಯೇ ತಿರುಗಿ ಇನ್ನೊಂದು ಕಡೆ ಸರಿಮಾಡಿಬಿಡುತ್ತಿತ್ತು. ಸೊಟ್ಟ ತಟ್ಟಿದಾಗಲೆಲ್ಲ ತಾಯಿಯಿಂದ ಏಟು ತಿಂದು ಕಲಿತ ಕೈ. ನಲವತ್ತು ವರ್ಷದ ಮೇಲೆ ಜರ್ಮನಿಗಾಗಿ ಮರೆತುಬಿಡು ಎಂದರೆ ಹೇಗೆ?

ಗುರುವಾರವೂ ಅದೇ ಹಾಡು. ಸಂಜೆ ವೇಣಿ ವೈರು ಸುತ್ತತೊಡಗಿದಾಗ ಸಿದ್ದಕ್ಕ ಇನ್ನೊಂದಿಷ್ಟು ಹಿಟ್ಟು ನಾದಿಕೊಂಡು ಕೂತಳು. ಈ ಸಲದ ರೊಟ್ಟಿಗೆ ಅಂಚು ದಪ್ಪ, ನಡು ತೆಳು. ವೇಣಿ ಅಳೆದು ಚಪ್ಪಾಳೆ ತಟ್ಟಿದಳು. "ಸೂಪರ್ ಅಕ್ಕ! ಫೈಲಿಗೆ ಏನ್ ಹೆಸ್ರು ಕೊಡ್ಲಿ?"

"ಸೊಣ್ಣಮ್ಮ ಅಂತ ಬರಿ," ಎಂದಳು ಸಿದ್ದಕ್ಕ. "ಹೊಸಕೋಟೆ ಕಡಿಯಾಕಿ. ರಾಗಿಮುದ್ದಿ ಕಟ್ಟಿದ ಕೈ, ಎಷ್ಟ್ ಬೈದ್ರೂ ಅಂಚು ದಪ್ಪ."

ಎರಡನೆಯದು ಉದ್ದಕ್ಕೆ ಎಳೆದಿತ್ತು. "ಭಾಗ್ಯಶ್ರೀ. ಕಿವಿಗೆ ಫೋನ್ ಹಚ್ಚಿಕೊಂಡ ತಟ್ತಿದ್ಲು." ಮೂರನೆಯದರ ಅಂಚು ಸೀಳಿತ್ತು, ಅದು ಶೈಲಶ್ರೀಯದು, ಹಿಟ್ಟಿಗೆ ಬಿಸಿನೀರು ಹಾಕುವುದರಲ್ಲಿ ಮಹಾ ಜಿಪುಣಿ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಬೈದು ತಿದ್ದಿದ ತಪ್ಪುಗಳು; ಒಂದೊಂದೂ ಅವಳಿಗೆ ಬಾಯಿಪಾಠ. ಸ್ವಂತ ಸೊಟ್ಟ ಬಾರದ ಕೈಗೆ ಅವರದು ಸಲೀಸಾಗಿ ಬಂತು. ಕೆಲಸದಿಂದ ಹೋದ ಕ್ರಮದಲ್ಲೇ ಆರು ರೊಟ್ಟಿ, ಆರು ಹೆಸರು. ಕೊನೆಯದನ್ನು ಮುಗಿಸುವಷ್ಟರಲ್ಲಿ ಸಿದ್ದಕ್ಕನ ಕಣ್ಣು ತುಂಬಿತ್ತು. ಹೊಗೆಯ ಮೇಲೆ ಹಾಕೋಣವೆಂದರೆ ಅಲ್ಲಿ ಒಲೆಯೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಫೋಟೋ ಹೋಯಿತು. ಸಂಜೆಯೊಳಗೆ ಉತ್ತರ ಬಂತು: ಬಹಳ ಚೆನ್ನಾಗಿದೆ, ಆರ್ಡರು ಎರಡು ಪಟ್ಟು. ಮರುದಿನ ಯಂತ್ರ ಗಂಟೆಗೆ ಎಂಟುನೂರರ ಲೆಕ್ಕದಲ್ಲಿ ಸೊಣ್ಣಮ್ಮ, ಭಾಗ್ಯಶ್ರೀ, ಶೈಲಶ್ರೀಯರ ರೊಟ್ಟಿಗಳನ್ನು ಉದುರಿಸತೊಡಗಿತು. ಸಿದ್ದಕ್ಕ ತುಂಬುತ್ತಿದ್ದಳು. ಯಾವುದು ಯಾರದೆಂದು ಅವಳಿಗೆ ನೋಡದೆಯೂ ತಿಳಿಯುತ್ತಿತ್ತು.

ಕೊಟ್ರೇಶ ಪೇಡೆಯ ಡಬ್ಬಿ ಹಿಡಿದು ಬಂದ. "ಯಕ್ಕಾ, ನಿನ್ನ ಕೆಲಸ ಗಟ್ಟಿ ಆತು ನೋಡು. ಆರ್ ನಮೂನಿ ಸಾಲಂಗಿಲ್ಲಂತ, ಹನ್ನೆರಡು ಬೇಕಂತ. ಇನ್ನೊಂದ್ ಆರು ತಟ್ಟಿ ಕೊಡು."

ಸಿದ್ದಕ್ಕ ಪೇಡೆ ಮುಟ್ಟಲಿಲ್ಲ.

"ಎಲ್ಲಿಂದ ತರ್ಲಿರಿ?" ಎಂದಳು. "ನಾವಿಬ್ರೂ ಕೂಡಿ ಕೆಲಸ ಬಿಡಿಸಿದ್ದು ಆರು ಮಂದೀನ ಅಷ್ಟ."