ನಡುವಿನ ಚುಕ್ಕೆ

ಕಿಟಕಿಯ ಬೆಳಕು ಈಗ ಸರಿಯಾಗಿ ಅವಳ ಎಡಗಣ್ಣಿಗೆ ಬಿತ್ತು, ಅಲ್ಲಾಡಬೇಡ ಪುಟ್ಟಿ, ಹಾಂ, ಹಾಗೇ ಇರು — ಇದನ್ನು ಕಂದು ಬಣ್ಣ ಅನ್ನುವವರು ಅಂದುಕೊಳ್ಳಲಿ, ನನ್ನ ಪ್ರಕಾರ ಈ ಒಂದು ಕಣ್ಣಿನಲ್ಲಿ ಹನ್ನೊಂದು ಬಣ್ಣಗಳಿವೆ, ಅಂಚಿಗೆ ಬೂದಿ, ಒಳಗೆ ಜೇನು, ಇನ್ನೂ ಒಳಗೆ ಸುಟ್ಟ ಇಟ್ಟಿಗೆ, ಉಳಿದ ಎಂಟಕ್ಕೆ ಯಾವ ಭಾಷೆಯಲ್ಲೂ ಹೆಸರಿಲ್ಲ, ನನ್ನ ಕುಂಚಕ್ಕೆ ಮಾತ್ರ ಗೊತ್ತು. ಮೂವತ್ತೆಂಟು ವರ್ಷದಿಂದ ಕೃತಕ ಕಣ್ಣು ಮಾಡುತ್ತಿದ್ದೇನೆ, ದೇವರು ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಒಂದೇ ವ್ಯತ್ಯಾಸ, ನನ್ನದಕ್ಕೆ ಪೊರೆ ಬರುವುದಿಲ್ಲ. ಆ ಬಟ್ಟೆ ಅಂಗಡಿಯವನು ನಾನು ಕೊಟ್ಟ ಕಣ್ಣು ಹಾಕಿಕೊಂಡು ಹೋದ ಮೂರನೇ ದಿನವೇ, ಏನ್ರೀ ಕಣ್ಣು ಹೊಡೀತೀರಾ ಅಂತ ಗಿರಾಕಿಯೊಬ್ಬಳು ಚಪ್ಪಲಿಗೆ ಕೈ ಹಾಕಿದಳಂತೆ, ಓಡಿ ಬಂದ, ಸ್ವಾಮಿ, ಇದಕ್ಕೆ ಸ್ವಲ್ಪ ಜೀವ ಕಮ್ಮಿ ಮಾಡಿಕೊಡಿ. ಜಡ್ಜ್ ಸಾಹೇಬರ ಹೆಂಡತಿಗೆ ಗಂಡನ ಯಾವ ಕಣ್ಣು ನಾನು ಮಾಡಿದ್ದು, ಯಾವುದು ಅತ್ತೆ ಹೆತ್ತದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಅಂಥ ಕೈ ಇದು, ಈಗ ಮೊಮ್ಮಗಳಿಗೆ ಮಾಡುತ್ತಿದೆ, ಬಲಗಣ್ಣಿಗೆ, ಸೋಮವಾರ ಶಾಲೆಗೆ ಹೊರಡುತ್ತಾಳೆ, ಮೂರನೇ ಕ್ಲಾಸಿನ ಮಕ್ಕಳ ಮುಂದೆ ಜಡ್ಜ್ ಹೆಂಡತಿಯೆಲ್ಲ ಯಾವ ಲೆಕ್ಕ, ಅವರಿಗೂ ಗೊತ್ತಾಗಬಾರದು, ಯಾವಳಾದರೂ ಒಂಟಿಗಣ್ಣಿ ಅಂದಳೋ — ಅನ್ನಲಾರಳು, ಅನ್ನಲು ಬಿಡುವವನು ನಾನಲ್ಲ. ಬೂದಿಯ ಉಂಗುರ ಒಣಗಿತು, ಅದರೊಳಗೆ ಜೇನಿನ ಉಂಗುರ, ಅದರೊಳಗೆ ಇನ್ನೊಂದು, ನಡುವೆ ಚುಕ್ಕೆಗೆ ಜಾಗ ಖಾಲಿ.

ಉಂಗುರ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ, ಕೈವಾರ ನನ್ನ ಹತ್ತಿರ ಪಾಠಕ್ಕೆ ಬರಬೇಕು. ಬೇಸಿಗೆ ರಜೆಯಲ್ಲಿ ಇದೇ ಮೇಜಿನ ಮೇಲೆ, ಇದೇ ಕುಂಚದಲ್ಲಿ, ರಟ್ಟಿನ ಮೇಲೆ ಗುರಿ ಬಿಡಿಸಿಕೊಟ್ಟೆ, ಅಂಗಡಿಯ ಗುರಿ ನನ್ನ ಮೊಮ್ಮಗಳಿಗೆ ಯಾಕೆ. ಏರ್‌ಗನ್ ತಂದವನೂ ನಾನೇ, ಅಪ್ಪಾ, ಅದು ಮಕ್ಕಳ ಕೈಗೆ ಕೊಡೋ ಸಾಮಾನಾ ಅಂದಳು ಮಗಳು, ಅಯ್ಯೋ, ಅದರಲ್ಲಿರೋದು ಬರೀ ಗಾಳಿ ಕಣೇ, ಸೈಕಲ್ ಪಂಪಿಗೂ ಹೆದರ್ತೀಯಾ ಅಂದೆ. ಏನು ಕೈ ಪುಟ್ಟಿಯದು! ಎರಡನೇ ದಿನಕ್ಕೇ ಹತ್ತಕ್ಕೆ ಹತ್ತು, ಎಲ್ಲ ನಡುವಿನ ಚುಕ್ಕೆಗೇ, ಉಸಿರು ಬಿಗಿ ಹಿಡಿಯುವುದನ್ನು ಕಲಿಸಿದ್ದು ನಾನು, ಕುಂಚ ಇಡುವಾಗ ಹಿಡಿಯುವ ಉಸಿರೇ, ಮನೆತನದ ವಿದ್ಯೆ. ಆದರೆ ರಟ್ಟಿಗೆ ಬಿದ್ದ ಗುಂಡು ಟಪ್ ಅನ್ನುತ್ತದೆ, ಅಷ್ಟೆ, ಟಪ್ ಅಂದರೆ ಪಕ್ಕದ ಮನೆಯ ಪೋಸ್ಟ್ ಮಾಸ್ತರಿಗೆ ಕೇಳುವುದು ಹೇಗೆ, ಅವನ ಮೊಮ್ಮಗ ಕೊಳಲು ಊದಿದರೆ ಬೀದಿಗೆಲ್ಲ ಕೇಳುತ್ತದೆ. ದಪ್ಪನೆಯ ಕಬ್ಬಿಣದ ಹಲಗೆ ಹುಡುಕಿ ತಂದು ರಟ್ಟಿನ ಹಿಂದೆ ನಿಲ್ಲಿಸಿದೆ — ಠಣ್! ಆಹಾ, ಏಳು ಬೀದಿಗೆ ಕೇಳಿರಬೇಕು. ಏನ್ರೀ ಅದು ಗಲಾಟೆ, ಪೋಸ್ಟ್ ಮಾಸ್ತರು ಕಾಂಪೌಂಡಿನ ಮೇಲಿಂದ ಇಣುಕಿದ, ನನ್ನ ಮೊಮ್ಮಗಳು ಕಣ್ರೀ, ಎಣಿಸ್ಕೊಳ್ಳಿ ಅಂದೆ, ಇನ್ನೂ ಹತ್ತಿರ ಬಾ ಪುಟ್ಟಿ, ಜೋರಾಗಿ ಕೇಳಲಿ ಅಂತ ಅಂದವನೂ ನಾನೇ, ಠಣ್, ಒಂದು, ಠಣ್, ಎರಡು, ಏಳನೆಯದು ಠಣ್ ಅಂದದ್ದು ಎಲ್ಲರಿಗೂ ಕೇಳಿಸಿತು, ತಿರುಗಿ ಬಂದದ್ದು ಯಾರಿಗೂ ಕೇಳಿಸಲಿಲ್ಲ. ಅವಳು ಕಿರುಚಲೂ ಇಲ್ಲ, ತಾತ, ಕಣ್ಣಿಗೆ ಹುಳ ಬಿತ್ತು ಅಂದಳು, ಸಾಸಿವೆಯಷ್ಟು ರಕ್ತ. ಕೃತಕ ಕಣ್ಣು ಉಜ್ಜುವ ಯಂತ್ರದ ಮುಂದೆ ನಾನು ಹಾಕಿಕೊಳ್ಳುವ ದಪ್ಪ ಕನ್ನಡಕ ಆಗ ಈ ಮೊಳೆಯಲ್ಲೇ ನೇತಾಡುತ್ತಿತ್ತು, ಈಗಲೂ ನೇತಾಡುತ್ತಿದೆ. ಹೊರಗೆ ಗುಂಡುಸೂಜಿ ತೂತಷ್ಟೆ, ಒಳಗೆ ಏನೂ ಉಳಿದಿಲ್ಲ ಯಜಮಾನ್ರೇ ಅಂದರು ಕಣ್ಣಿನ ಡಾಕ್ಟರು, ಬರೀ ಗಾಳಿ ಅಂದ್ಕೊಂಡ್ರಾ, ಗುಂಡು ತಲೆಬುರುಡೆಯೊಳಗೇ ಹೋಗಿದ್ದನ್ನ ನೋಡಿದೀನಿ, ಇಂಥದೇ ಏರ್‌ಗನ್ನಿಗೆ ಕಣ್ಣು ಕೊಟ್ಟ ನಾಲ್ಕು ಮಕ್ಕಳನ್ನ ನಿಮ್ಮ ಹತ್ರಾನೇ ಕಳಿಸಿದ್ನಲ್ಲ, ಏನಾಯ್ತು ಅಂತ ಒಬ್ಬರನ್ನಾದ್ರೂ ಕೇಳ್ಲಿಲ್ವಾ? ಕೇಳಿರಲಿಲ್ಲ. ಬಣ್ಣ ಮಾತ್ರ ನೋಡಿದ್ದೆ, ನಾಲ್ಕೂ ಅದ್ಭುತವಾಗಿ ಬಂದಿದ್ದವು.

ಅವೆಲ್ಲ ಇದರ ಮುಂದೆ ಏನೂ ಅಲ್ಲ, ಇದು ನನ್ನ ಕೈಯಿಂದ ಬಂದ ಅತ್ಯುತ್ತಮ ಕಣ್ಣು, ಬಿಳಿಯ ಭಾಗಕ್ಕೆ ಕೆಂಪು ರೇಷ್ಮೆ ದಾರದಿಂದ ಒಂದೊಂದೇ ಎಳೆ ಬಿಡಿಸಿ ನರ ಕೂರಿಸಿದ್ದೇನೆ, ನಿದ್ದೆಗೆಟ್ಟರೆ ಇದೂ ಕೆಂಪಾದೀತು! ಬಾಗಿಲಲ್ಲಿ ಮಗಳು, ಎರಡು ತಿಂಗಳಿಂದ ನನ್ನೊಡನೆ ನೇರ ಮಾತಿಲ್ಲ, ಎಲ್ಲ ಮಗುವಿನ ಮೂಲಕ, ಇನ್ನೂ ಎಷ್ಟು ಹೊತ್ತು ಕೇಳೇ ನಿಮ್ಮ ತಾತನ್ನ, ಕೇಳಲಿ ಬಿಡು, ಒಳ್ಳೆಯ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ — ಹತ್ತಿರ ಬಂದಳು, ಬಾಗಿದಳು, ಮಗುವಿನ ಎಡಗಣ್ಣು ನೋಡಿದಳು, ನನ್ನ ಕೈಯಲ್ಲಿದ್ದ ಕಣ್ಣಿನ ಬಿಲ್ಲೆ ನೋಡಿದಳು, ಮತ್ತೆ ಕಣ್ಣು, ಮತ್ತೆ ಬಿಲ್ಲೆ, ಅದೇ ಬಣ್ಣ ಅಪ್ಪಾ. ಅಪ್ಪಾ ಅಂದಳು! ನೋಡಿದೆಯಾ, ನೋಡಿದೆಯಾ ಈ ಕೈ, ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ, ಇನ್ನೇನು, ಕಪ್ಪಿನಲ್ಲಿ ಅದ್ದಿ ಒಂದೇ ಚುಕ್ಕೆ, ಮುಗಿಯಿತು, ಉಸಿರು ಹಿಡಿ. ಪುಟ್ಟಿ ಸ್ಟೂಲಿನ ಮೇಲೆ ಕಾಲಾಡಿಸುತ್ತಿದ್ದಾಳೆ, ತಾತ, ನಡುವಿನ ಚುಕ್ಕೆ ಬೇಗ ಇಡೋ, ಬೇಸಿಗೆಯಲ್ಲೂ ಇದೇ ಸ್ಟೂಲು, ಇದೇ ಕಾಲು, ಬೇಗ ಇಡೋ ತಾತ, ಹೊಡೀಬೇಕು — ಬೂದಿಯ ಉಂಗುರ, ಒಳಗೆ ಜೇನು, ಒಳಗೆ ಇಟ್ಟಿಗೆ, ಕುಂಚದ ತುದಿಯಲ್ಲಿ ಕಪ್ಪು, ಉಸಿರು ಹಿಡಿದೇ ಇದ್ದೇನೆ, ಇಡು ತಾತ, ಉಂಗುರದೊಳಗೆ ಉಂಗುರ, ಅದರೊಳಗೆ ಉಂಗುರ, ನಡುವೆ