ಅಕ್ಕನ ತೂಕದಲ್ಲಿ

"ಇನ್ನೊಂದ್ಸಲ ಹಿಡಿ ಚಿಕ್ಕಮ್ಮ. ಸ್ವಲ್ಪ ಜಾಸ್ತಿ ಹಿಡಿ."

ಚಿಕ್ಕಮ್ಮ ಗುಬ್ಬಿಯ ತೋಳಿನ ಹಿಂಭಾಗದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಕೊಬ್ಬಿನ ದಪ್ಪ ಅಳೆಯುವ ಕ್ಯಾಲಿಪರಿನ ಬಾಯಿಗೆ ಕೊಟ್ಟು, ಮುಳ್ಳು ನಿಲ್ಲುವವರೆಗೆ ಕಾದಳು. ಮೂರನೆಯ ಸಲವೂ ಅದೇ ಅಂಕಿ.

"ಜಾಸ್ತಿ ಹಿಡಿಯೋಕೆ ಅಲ್ಲೇನಾದ್ರೂ ಇದ್ರೆ ತಾನೇ? ನಿನಗಿಂತ ಕಿಟಕಿ ಸರಳು ಮೆತ್ತಗಿದೆ."

"ಮೂರು ದಿನದಿಂದ ಬೆಣ್ಣೆ ತಿಂತಿದೀನಿ."

"ಆ ಬೆಣ್ಣೆ ಬಾಯಿಂದ ತೋಳಿಗೆ ನಡ್ಕೊಂಡು ಬರ್ಬೇಕಲ್ಲ. ಇನ್ನೂ ಗಂಟಲು ದಾಟಿರಲ್ಲ ಕಣೆ."

ಕುಸ್ತಿ ಶಿಬಿರದ ಹುಡುಗಿಯರ ಮೈಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂದು ಅಳೆಯುವುದು ಚಿಕ್ಕಮ್ಮನ ಕೆಲಸ. ಉಳಿದವರೆಲ್ಲ ಈ ಕೋಣೆಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ. ಗುಬ್ಬಿಯೊಬ್ಬಳೇ ಕೊಬ್ಬು ಜಾಸ್ತಿ ಕಾಣಲಿ ಎಂದು ಗೋಗರೆಯುತ್ತಿದ್ದಳು. ತೂಕ ಇಳಿಸಿದ ಮೇಲೆ ಮೈಯಲ್ಲಿ ನೂರಕ್ಕೆ ಹನ್ನೆರಡು ಪಾಲು ಕೊಬ್ಬಾದರೂ ಉಳಿಯುವುದಿಲ್ಲ ಎಂದಾದರೆ ಇಳಿಸಲು ಒಪ್ಪಿಗೆ ಸಿಗುವುದಿಲ್ಲ. ಅದು ಶಿಬಿರದ ನಿಯಮ. ಅರವತ್ತೊಂದು ಕಿಲೋ ತೂಗುವ ಗುಬ್ಬಿ ಐವತ್ತೇಳಕ್ಕೆ ಇಳಿಯದಿದ್ದರೆ ಅರವತ್ತೆರಡು ಕಿಲೋ ವಿಭಾಗದಲ್ಲಿ ಆಡಬೇಕು. ಅರವತ್ತೆರಡು ಅವಳ ಅಕ್ಕನ ತೂಕ. ತಂಡದಲ್ಲಿ ಒಂದು ತೂಕಕ್ಕೆ ಒಬ್ಬಳಿಗೇ ಜಾಗ. ಇಬ್ಬರೂ ಒಬ್ಬರ ಮೇಲೊಬ್ಬರು ಕಾಲು ಹಾಕಿ ಮಲಗಿ ಬೆಳೆದವರು. ಆಯ್ಕೆಯ ದಿನ ಅಕ್ಕನ ಎದುರು ನಿಲ್ಲುವುದು ಗುಬ್ಬಿಗೆ ಬೇಡವಾಗಿತ್ತು.

"ಎರಡು ಮಿಲಿಮೀಟರ್ ಜಾಸ್ತಿ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?"

"ಹೋದ ವರ್ಷ ನೀನು ಹೀಗೇ ತೂಕ ಇಳಿಸ್ತೀನಿ ಅಂತ ನೀರೂ ಬಿಟ್ಟು, ಇದೇ ನೆಲದ ಮೇಲೆ ಬಿದ್ದಿದ್ದೆ. ಎತ್ತಿಕೊಂಡವಳು ನಾನು." ಚಿಕ್ಕಮ್ಮ ಪೆನ್ನಿನ ಮುಚ್ಚಳ ತೆಗೆದಳು. "ಭಾರವೇ ಇರ್ಲಿಲ್ಲ."

ಅಂಕಿಯನ್ನು ಇದ್ದ ಹಾಗೆಯೇ ಬರೆದಳು.

ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಕ್ಕ ಒಳಗೆ ಬಂದಳು. ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು.

"ಇವಳು ಅರವತ್ತೆರಡರಲ್ಲಿ ಆಡ್ಲಿ. ನಾನು ಅರವತ್ತೆಂಟಕ್ಕೆ ಹೋಗ್ತೀನಿ."

"ಅಲ್ಲಿರೋರು ನಿನ್ನನ್ನ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿ ಒಣಗಿಹಾಕ್ತಾರೆ," ಎಂದಳು ಚಿಕ್ಕಮ್ಮ.

"ಹಾಕ್ಲಿ. ಇನ್ನೂ ಆರು ವಾರ ಇದೆ, ತಿಂದು ದಪ್ಪ ಆದ್ರಾಯ್ತು. ನಿನ್ನೆಯಿಂದಲೇ ಶುರು ಮಾಡಿದೀನಿ."

ಅಕ್ಕನಿಗೆ ಬಾಳೆಹಣ್ಣಿನ ವಾಸನೆಯೇ ಆಗುವುದಿಲ್ಲ. ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರಾದರೂ ಸುಲಿದರೆ ಮೂಗು ಮುಚ್ಚಿಕೊಂಡು ಎದ್ದುಹೋಗುತ್ತಿದ್ದಳು. ಈಗ ಕಣ್ಣು ಮುಚ್ಚಿ, ಒಂದು ತುಂಡನ್ನು ಮಾತ್ರೆ ನುಂಗುವ ಹಾಗೆ ನುಂಗಿ, ಏನೂ ಆಗದವಳಂತೆ ತಂಗಿಯತ್ತ ನೋಡಿ ನಕ್ಕಳು. ಕಿಟಕಿ ಪಕ್ಕದ ಸೀಟು, ಹೊಸ ಬೂಟು, ಹಾಸಿಗೆಯ ಗೋಡೆಯ ಬದಿ, ಹೀಗೆ ನಕ್ಕೇ ಕೊಟ್ಟವಳು. ಗುಬ್ಬಿಯೂ ಒಂದು ದಿನವೂ ಬೇಡವೆಂದವಳಲ್ಲ.

"ಏನೇ, ಬಾಯಿ ಬಿಡು," ಎಂದಳು ಅಕ್ಕ. "ಅರವತ್ತೆರಡು ನಿನಗೆ. ಸರಿ ತಾನೇ?"

ಗುಬ್ಬಿ ಅವಳ ಕೈಯಿಂದ ಉಳಿದ ಹಣ್ಣನ್ನು ಕಿತ್ತುಕೊಂಡಳು.

"ಬೇಡ. ನೀನು ಎಲ್ಲಿಗೂ ಹೋಗೋದು ಬೇಡ. ನಾನು ಅರವತ್ತೆರಡರಲ್ಲಿ ನಿನ್ನ ಎದುರೇ ಆಡ್ತೀನಿ."